ಪಿಂಚಣಿ: ಲೆಕ್ಕಕ್ಕೆ ಏರದ ಸಾಲ

ಸರ್ಕಾರಿ ನೌಕರರ ಪಿಂಚಣಿಯು ಸರ್ಕಾರ ಮತ್ತು ನೌಕರರಿಗೆ ಮಾತ್ರ ಸಂಬಂಧಿಸಿದ ವಿಷಯವೆಂಬ ಭಾವನೆ ವರ್ತಕ ವಲಯದಲ್ಲಿದೆ. ಇದು ಸರಿಯಲ್ಲ. ಪಿಂಚಣಿ ಪಾವತಿಯಾಗುವುದು ಬೊಕ್ಕಸದಿಂದ. ಆ ಬೊಕ್ಕಸವನ್ನು ತುಂಬುವವರಲ್ಲಿ ವರ್ತಕರೂ ಸಣ್ಣ ಉದ್ದಿಮೆದಾರರೂ ಇದ್ದಾರೆ. ಇನ್ನೊಂದೆಡೆ, ತಾಲ್ಲೂಕು ಕೇಂದ್ರಗಳ ಕಿರಾಣಿ, ಜವಳಿ, ಔಷಧ ಅಂಗಡಿಗಳಿಗೆ ನಿವೃತ್ತ ಶಿಕ್ಷಕರೂ ಗುಮಾಸ್ತರೂ ತಿಂಗಳು ತಪ್ಪದ ಗಿರಾಕಿಗಳು. ಆದ್ದರಿಂದ ಪಿಂಚಣಿ ನಿಲ್ಲಬಾರದು. ಅದರ ಭಾರ ಮರೆಯಲ್ಲಿ ಬೆಳೆಯಲೂ ಬಾರದು.

ಹಳೆಯ ಪದ್ಧತಿಯಲ್ಲಿ ಪೂರ್ಣಾವಧಿ ಸೇವೆ ಸಲ್ಲಿಸಿದವರಿಗೆ ಕೊನೆಯ ಮೂಲ ವೇತನದ ಅರ್ಧದಷ್ಟು ಪಿಂಚಣಿಯೂ ಅದರ ಮೇಲೆ ತುಟ್ಟಿಭತ್ಯೆಯೂ ಲಭಿಸುತ್ತದೆ. ಇದಕ್ಕಾಗಿ ನೌಕರನು ವಂತಿಗೆ ಕೊಡುವುದಿಲ್ಲ, ಸರ್ಕಾರವೂ ನಿಧಿ ಕೂಡಿಡುವುದಿಲ್ಲ. ಆಯಾ ವರ್ಷದ ವರಮಾನದಿಂದಲೇ ಪಾವತಿ. ಸಶಸ್ತ್ರ ಪಡೆಗಳನ್ನು ಹೊರತುಪಡಿಸಿ, 2004ರ ಜನವರಿ 1ರಿಂದ ಸೇವೆಗೆ ಸೇರಿದವರಿಗೆ ಕೇಂದ್ರವೂ, 2006ರ ಏಪ್ರಿಲ್ 1ರಿಂದ ಸೇರಿದವರಿಗೆ ಕರ್ನಾಟಕವೂ ಇದರ ಬದಲು ವಂತಿಗೆ ಆಧಾರಿತ ಹೊಸ ಪಿಂಚಣಿ ಪದ್ಧತಿಯನ್ನು ಜಾರಿಗೊಳಿಸಿದವು. ಈ ಪದ್ಧತಿಯಲ್ಲಿ ನಿಧಿಯುಂಟು, ಭರವಸೆಯಿಲ್ಲ. ಕೈಸೇರುವ ಮೊತ್ತವು ಮಾರುಕಟ್ಟೆಯನ್ನು ಅವಲಂಬಿಸಿದೆ.

ನೌಕರರ ಆತಂಕ ನಿರಾಧಾರವಲ್ಲ. ನಿವೃತ್ತಿಯ ವರ್ಷದಲ್ಲೇ ಮಾರುಕಟ್ಟೆ ಕುಸಿದರೆ, ಅದು ಚೇತರಿಸಿಕೊಳ್ಳುವವರೆಗೆ ಕಾಯುವ ವಯಸ್ಸು ಅದಲ್ಲ. ಈ ಆತಂಕದಿಂದಲೇ ರಾಜ್ಯದ ನೌಕರರು 2023ರ ಮಾರ್ಚ್ 1ರಂದು ಹೂಡಿದ ಮುಷ್ಕರದಲ್ಲಿ ಹಳೆಯ ಪಿಂಚಣಿಯೂ ಒಂದು ಪ್ರಮುಖ ಬೇಡಿಕೆಯಾಗಿತ್ತು. ರಾಜಸ್ಥಾನ, ಛತ್ತೀಸಗಢಗಳು 2022ರಲ್ಲಿ, ಹಿಮಾಚಲ ಪ್ರದೇಶವು 2023ರಲ್ಲಿ ಹಳೆಯ ಪದ್ಧತಿಗೆ ಮರಳಿದವು.

ಹೀಗೆ ಮರಳುವುದರಲ್ಲಿ ಸರ್ಕಾರಗಳಿಗೆ ಒಂದು ಪ್ರಲೋಭನೆಯಿದೆ. ಮರಳಿದೊಡನೆ ಖರ್ಚು ಹೆಚ್ಚುವುದಿಲ್ಲ. ಬದಲಿಗೆ ಸರ್ಕಾರದ ಪಾಲಿನ ಮಾಸಿಕ ವಂತಿಗೆ ಉಳಿಯುತ್ತದೆ. 2006ರಲ್ಲಿ 25ನೇ ವಯಸ್ಸಿಗೆ ಸೇವೆಗೆ ಸೇರಿದವರಿಗೆ 60 ತುಂಬುವುದು 2041ರಲ್ಲಿ. ಬಾಕಿ ವಸೂಲಿಗೆ ಬರುವುದು ಆಗ. ಅದನ್ನು ತೀರಿಸುವವರು ಇಂದಿನ ವರ್ತಕರ ಮಕ್ಕಳು. ಈ ವರ್ಷ ಸರಕು ಪಡೆದು, ಅದರ ಬಾಕಿಯನ್ನು ಖಾತೆಗೆ ಏರಿಸದೆ ವರ್ಷಾಂತ್ಯದಲ್ಲಿ ಲಾಭ ತೋರಿಸುವ ಅಂಗಡಿಯ ಗತಿ ಏನೆಂಬುದನ್ನು ಯಾವ ವರ್ತಕನಿಗೂ ವಿವರಿಸಬೇಕಾಗಿಲ್ಲ.

ಕೇಂದ್ರವು 2025ರ ಏಪ್ರಿಲ್ 1ರಂದು ಜಾರಿಗೆ ತಂದ ಏಕೀಕೃತ ಪಿಂಚಣಿ ಯೋಜನೆಯು ಮಧ್ಯಮ ಮಾರ್ಗವೊಂದನ್ನು ತೋರಿಸುತ್ತದೆ. 25 ವರ್ಷ ಸೇವೆ ಸಲ್ಲಿಸಿದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಶೇ. 50ರಷ್ಟು ಪಿಂಚಣಿ, 10 ವರ್ಷ ಪೂರೈಸಿ ನಿವೃತ್ತರಾದವರಿಗೆ ಮಾಸಿಕ ಕನಿಷ್ಠ 10,000 ರೂಪಾಯಿಗಳ ಭರವಸೆ ಇದರಲ್ಲಿದೆ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 50,000 ರೂಪಾಯಿ ಪಡೆಯುವ ನೌಕರನು ಶೇ. 10ರಂತೆ 5,000 ರೂಪಾಯಿ ಕೊಟ್ಟರೆ, ಸರ್ಕಾರವು ಶೇ. 18.5ರಂತೆ 9,250 ರೂಪಾಯಿ ತೆಗೆದಿರಿಸುತ್ತದೆ.

ಇದು ದುಬಾರಿಯೆಂಬ ಆಕ್ಷೇಪ ಸಹಜ. ಆದರೆ ಈ ವೆಚ್ಚವು ಆಯವ್ಯಯದಲ್ಲಿ ಆಯಾ ವರ್ಷವೇ ಕಣ್ಣಿಗೆ ಬೀಳುತ್ತದೆ. ಹೊಸ ಹುದ್ದೆ ಸೃಷ್ಟಿಸುವ ಮುನ್ನ ಅದರ ನಿಜವಾದ ಬೆಲೆಯನ್ನು ಅಳೆಯಬಹುದು. ಹಳೆಯ ಪದ್ಧತಿಯೂ ಅಗ್ಗವಲ್ಲ. ಅದರ ಬೆಲೆ ತಡವಾಗಿ ತಿಳಿಯುತ್ತದೆ, ಅಷ್ಟೆ.

ಆದುದರಿಂದ ವಾಣಿಜ್ಯ ಸಂಸ್ಥೆಗಳು ನೌಕರರ ಪಿಂಚಣಿಯನ್ನು ವಿರೋಧಿಸುವುದು ತರವಲ್ಲ. ಯಾವುದೇ ಪದ್ಧತಿಯನ್ನು ಒಪ್ಪುವ ಮುನ್ನ ಮುಂದಿನ 30 ವರ್ಷಗಳ ಹೊಣೆಯನ್ನು ಲೆಕ್ಕಹಾಕಿಸಿ ಸದನದ ಮುಂದಿಡಬೇಕೆಂದು ಅವು ಸರ್ಕಾರವನ್ನು ಒತ್ತಾಯಿಸಬೇಕು. ನಿಧಿಯಿಲ್ಲದ ಭರವಸೆಯಿಂದ ಕೊನೆಗೆ ತೆರಿಗೆದಾರನಿಗೂ ನಷ್ಟ, ಅದನ್ನು ನಂಬಿ ದುಡಿದ ನೌಕರನಿಗೂ ನಷ್ಟ.