ಕ್ವಿಂಟಲ್ ಅಂದ್ರೆ ನೂರೇ ಕೆ.ಜಿ., ನೂರಾ ಎರಡಲ್ಲ

ಹೋದ ಸುಗ್ಗಿಯಲ್ಲಿ ಅಪ್ಪನ ಜೊತೆ ಹತ್ತಿ ಮಾರಲು ಹೋಗಿದ್ದೆ. ಕಾಟಾದಲ್ಲಿ ಕಂಡ ತೂಕವನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡೆ. ಪಟ್ಟಿ ಕೈಗೆ ಬಂದಾಗ ಕ್ವಿಂಟಲ್‌ಗೆ ಎರಡು ಕೆ.ಜಿ. ಕಡಿಮೆ! ಕೇಳಿದರೆ, 'ಅದು ಸೂಟು ರೀ, ಮೊದಲಿಂದ ನಡ್ಕೊಂಡು ಬಂದೈತಿ' ಅಂದರು. ಅಪ್ಪನೂ 'ಹೋಗ್ಲಿ ಬಿಡು ತಮ್ಮಾ' ಅಂದ.

ಯಾಕೆ ಹೋಗಬೇಕು? 40 ಕ್ವಿಂಟಲ್ ಹತ್ತಿಗೆ 80 ಕೆ.ಜಿ. ಹೋಯಿತು. ಕ್ವಿಂಟಲ್‌ಗೆ 7,000 ರೂಪಾಯಿ ಹಿಡಿದರೆ 5,600 ರೂಪಾಯಿ. ಆ 80 ಕೆ.ಜಿ. ಬಿಡಿಸಿದವರಿಗೂ ನಾವು ಕೆ.ಜಿ. ಲೆಕ್ಕದಲ್ಲೇ ಕೂಲಿ ಕೊಟ್ಟಿದ್ದೇವೆ. ನೀವು ಗೊಬ್ಬರದ ಅಂಗಡಿಗೆ ಹೋಗಿ 45 ಕೆ.ಜಿ. ಯೂರಿಯಾ ಚೀಲಕ್ಕೆ 44 ಕೆ.ಜಿ. ದುಡ್ಡು ಕೊಟ್ಟು, 'ಸೂಟು ಹಿಡ್ಕೊಂಡೀನ್ರಿ' ಅಂತ ಹೇಳಿ ನೋಡಿ!

ಚೀಲದ ತೂಕ ಕಳೆಯಲಿ, ಅದು ನ್ಯಾಯ. ಖಾಲಿ ಚೀಲ ತೂಗಿ ಅಷ್ಟನ್ನೇ ಕಳೆಯಲಿ. ತೇವ, ಕಸ ಇದೆ ಅಂತೀರಾ? ಹಾಗಿದ್ದರೆ ಮಾಲು ನೋಡಿ ದರ ಕಟ್ಟುವಾಗಲೇ ಅದನ್ನು ಹಿಡಿದಿರುತ್ತೀರಿ. ಮತ್ತೆ ತೂಕದಲ್ಲೂ ಹಿಡಿದರೆ ಒಂದೇ ಕಸಕ್ಕೆ ಎರಡು ಸಲ ದಂಡ.

'ಪದ್ಧತಿ' ಅನ್ನುವವರಿಗೆ ಒಂದು ಮಾತು. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ 12ನೇ ಕಲಂ ಇದಕ್ಕೇ ಇದೆ. ಒಪ್ಪಿದ ತೂಕಕ್ಕಿಂತ ಹೆಚ್ಚು ಮಾಲು ಪಡೆಯಲು ಬಿಡುವ ಯಾವುದೇ ರೂಢಿ, ಪದ್ಧತಿ ಕಾನೂನಿನ ಮುಂದೆ ಅಸಿಂಧು. ಎಷ್ಟು ಹಳೆಯದಾದರೂ ಅಷ್ಟೇ. ಸೇರು, ಮಣ ಬಿಟ್ಟು ಕಿಲೊಗೆ ಬರಲು ದೇಶ 1956ರಲ್ಲೇ ಕಾಯ್ದೆ ಮಾಡಿತು. ಊರೂರಿಗೆ ಒಂದೊಂದು ಅಳತೆ ಇರಬಾರದು ಅಂತಲೇ ಅಲ್ಲವೇ?

ಕಣದಲ್ಲಿ ಕಾಳು ಅಳೆಯುವಾಗ ನಮ್ಮ ಹಿರಿಯರು ಮೊದಲನೆಯದಕ್ಕೆ 'ಒಂದು' ಅನ್ನದೆ 'ಲಾಭ' ಅಂತ ಎಣಿಸುತ್ತಿದ್ದರು. ಆ ಲಾಭವೂ ಲೆಕ್ಕಕ್ಕೆ ಸೇರುತ್ತಿತ್ತು. ಈಗಿನ ಲಾಭ ಪಟ್ಟಿಯಲ್ಲಿ ಕಾಣುವುದೇ ಇಲ್ಲ.

ಅಧಿಕಾರಿಗಳು ಬಂದು ಕಾಟಾಕ್ಕೆ ಮುದ್ರೆ ಇದೆಯೇ ಅಂತ ನೋಡಿ ಹೋಗುತ್ತಾರೆ. ಕಾಟಾ ಸರಿಯಾಗೇ ಇದೆ ಸ್ವಾಮಿ! ಕಡಿತ ಆಗುವುದು ಪಟ್ಟಿ ಬರೆಯುವಾಗ. ಪಟ್ಟಿಯನ್ನೂ ನೋಡಿ. ರೈತರೂ ಒಂದು ಕೆಲಸ ಮಾಡಿ: 'ಸೂಟು ಇಷ್ಟು ಕೆ.ಜಿ.' ಅಂತ ಪಟ್ಟಿಯಲ್ಲೇ ಬರೆದು ಸಹಿ ಹಾಕಿಕೊಡಿ ಅಂತ ಕೇಳಿ. ಎಷ್ಟು ಜನ ಬರೆದುಕೊಡುತ್ತಾರೆ ನೋಡೋಣ. ಈ ವರ್ಷದ ಹತ್ತಿ ಹೋಗುವಾಗ ನಾನಂತೂ ಕೇಳುತ್ತೇನೆ. ಅಪ್ಪ ಬೈದರೂ ಸರಿ.