ಗ್ಯಾಂಗೂ ಕಲಿಸುತ್ತದೆ: ‘ಸಿಟಿ ಆಫ್ ಗಾಡ್’ ಪ್ರಶಿಕ್ಷಣಾರ್ಥಿಗಳು ನೋಡಬೇಕಾದ ಚಿತ್ರ

ಬಿ.ಎಡ್. ಕಾಲೇಜುಗಳಲ್ಲಿ ಸಾಮಾನ್ಯವಾಗಿ ಚರ್ಚೆಗೆ ಬರುವ ಸಿನಿಮಾ ಎಂದರೆ ‘ತಾರೇ ಜಮೀನ್ ಪರ್’. ಒಬ್ಬ ಒಳ್ಳೆಯ ಶಿಕ್ಷಕ ಬರುತ್ತಾನೆ, ಮಗುವಿನ ಬದುಕು ಬೆಳಗುತ್ತದೆ. ಇಂಥ ಚಿತ್ರಗಳ ಬಗ್ಗೆ ನನ್ನ ಆಕ್ಷೇಪವಿಲ್ಲ. ಆದರೆ ಅಂಥ ಶಿಕ್ಷಕ ಬರದೇ ಹೋದರೆ ಮಕ್ಕಳು ಏನು ಕಲಿಯುತ್ತಾರೆ, ಯಾರಿಂದ ಕಲಿಯುತ್ತಾರೆ ಎಂಬುದನ್ನು ತೋರಿಸುವ ಚಿತ್ರವೂ ನಮಗೆ ಬೇಕು. 2002ರ ಬ್ರೆಜಿಲ್ ಚಿತ್ರ ‘ಸಿಟಿ ಆಫ್ ಗಾಡ್’ ಅಂಥದ್ದು. ಶಾಲೆಯ ಮಕ್ಕಳಿಗೆ ಇದನ್ನು ತೋರಿಸಬೇಕೆಂದು ನಾನು ಖಂಡಿತ ಹೇಳುತ್ತಿಲ್ಲ. ಅದರ ಹಿಂಸೆ ದೊಡ್ಡವರಿಗೇ ಕಷ್ಟ. ನಾನು ಹೇಳುತ್ತಿರುವುದು ಶಿಕ್ಷಕರಾಗಲು ಹೊರಟ ನಮ್ಮ ಬಗ್ಗೆ.

ಫೆರ್ನಾಂಡೊ ಮೀರೆಲೆಸ್ ಮತ್ತು ಸಹನಿರ್ದೇಶಕಿ ಕಾತಿಯಾ ಲುಂಡ್ ಮಾಡಿದ ಈ ಚಿತ್ರಕ್ಕೆ ಪೌಲೊ ಲಿನ್ಸ್ ಅವರ 1997ರ ಕಾದಂಬರಿ ಆಧಾರ. ಲಿನ್ಸ್ ಬೆಳೆದದ್ದು ಅದೇ ಬಡಾವಣೆಯಲ್ಲಿ. ‘ದೇವರ ನಗರ’ ಎಂಬ ಹೆಸರಿನ ಈ ವಸತಿ ಪ್ರದೇಶವನ್ನು 1960ರ ದಶಕದಲ್ಲಿ ಸರ್ಕಾರ ರಿಯೊ ಡಿ ಜನೈರೊ ನಗರದ ಪಶ್ಚಿಮಕ್ಕೆ ಕಟ್ಟಿತು. ನಗರದ ಇತರ ಕೊಳೆಗೇರಿಗಳ ಜನರನ್ನು ಅಲ್ಲಿಗೆ ಸಾಗಿಸಲಾಯಿತು. ಕಥೆ ಆ ದಶಕದಿಂದ 1980ರ ದಶಕದ ಆರಂಭದವರೆಗೆ ಸಾಗುತ್ತದೆ. ನಟರಲ್ಲಿ ಬಹುಪಾಲು ಮಂದಿ ಕ್ಯಾಮೆರಾ ಮುಂದೆ ಎಂದೂ ನಿಲ್ಲದ, ರಿಯೊದ ಕೊಳೆಗೇರಿಗಳ ಹುಡುಗರು. ತಿಂಗಳುಗಟ್ಟಲೆ ಕಾರ್ಯಾಗಾರ ನಡೆಸಿ ಅವರನ್ನು ಸಿದ್ಧಗೊಳಿಸಲಾಯಿತು. ಚಿತ್ರಕ್ಕೆ ನಿರ್ದೇಶನ, ಚಿತ್ರಕಥೆ, ಛಾಯಾಗ್ರಹಣ, ಸಂಕಲನ ಹೀಗೆ ನಾಲ್ಕು ಆಸ್ಕರ್ ನಾಮನಿರ್ದೇಶನಗಳು ಬಂದವು.

ಶಿಕ್ಷಣದ ದೃಷ್ಟಿಯಿಂದ ನೋಡಿದರೆ ಚಿತ್ರದ ಮುಖ್ಯ ಭಾಗ ಗುಂಡಿನ ಕಾಳಗವಲ್ಲ. ಮಾದಕ ವಸ್ತುವಿನ ವ್ಯಾಪಾರದಲ್ಲಿ ಹುಡುಗರು ಹೇಗೆ ಮೇಲೇರುತ್ತಾರೆಂದು ನಿರೂಪಕ ಬುಸ್ಕಾಪೆ ವಿವರಿಸುವ ಭಾಗ. ಮೊದಲು ಸಣ್ಣಪುಟ್ಟ ಸಾಮಾನು ತಂದುಕೊಡುವ ಕೆಲಸ. ಆಮೇಲೆ ಪೊಲೀಸರು ಬಂದರೆ ಸುಳಿವು ಕೊಡುವ ಕಾವಲು. ಅನಂತರ ಮಾರಾಟ, ಬಂದೂಕು, ಕೊನೆಗೆ ಮೇಲ್ವಿಚಾರಣೆ. ನಮ್ಮ ಪಾಠ ಯೋಜನೆಯ ಭಾಷೆಯಲ್ಲಿ ಹೇಳುವುದಾದರೆ ಇದು ಸರಳದಿಂದ ಸಂಕೀರ್ಣಕ್ಕೆ ಸಾಗುವ ಕ್ರಮವೇ. ಪ್ರತಿ ಹಂತದಲ್ಲೂ ಮಗುವಿನ ಕೈಗೆ ಅದು ಮಾಡಬಲ್ಲ ಒಂದು ಕೆಲಸವಿದೆ, ಮಾಡಿದ ಕೂಡಲೇ ಪುನರ್ಬಲನವಿದೆ, ಮುಂದಿನ ಮೆಟ್ಟಿಲು ಕಣ್ಣಿಗೆ ಕಾಣುತ್ತದೆ. ಬಂಡೂರ ಹೇಳಿದ ಅವಲೋಕನ ಕಲಿಕೆಯನ್ನು ನಾವು ಪರೀಕ್ಷೆಗಾಗಿ ಓದುತ್ತೇವೆ. ಗ್ಯಾಂಗ್ ಅದನ್ನು ಓದದೆಯೇ ಬಳಸುತ್ತದೆ. ಚಿಕ್ಕ ಹುಡುಗನೊಬ್ಬನ ಕೈಗೆ ಪಿಸ್ತೂಲು ಕೊಟ್ಟು ಇನ್ನೊಂದು ಮಗುವನ್ನು ಕೊಲ್ಲಿಸುವ ದೃಶ್ಯ ಸಹಿಸಲಾಗದು. ಏಕೆಂದರೆ ಅಲ್ಲಿ ನಡೆಯುವುದೂ ಒಂದು ‘ಪರೀಕ್ಷೆ’ಯೇ.

ನಾಯಕ ಝೆ ಪೆಕೆನೊಗೆ ಬೇಕಾದದ್ದು ಹಣ ಮಾತ್ರವಲ್ಲ. ಎದುರಾಳಿಯ ಫೋಟೊ ಪತ್ರಿಕೆಯಲ್ಲಿ ಬಂದು ತನ್ನದು ಬರಲಿಲ್ಲವೆಂದು ಅವನು ಕೆರಳುತ್ತಾನೆ. ಊರಿಗೇ ಹೆದರಿಕೆ ಹುಟ್ಟಿಸಿದವನಿಗೂ ಗುರುತಿಸಿಕೊಳ್ಳುವ ಹಸಿವು. ಈ ಹಸಿವು ನಮ್ಮ ಎಂಟನೇ ತರಗತಿಯ ಹಿಂದಿನ ಬೆಂಚಿನಲ್ಲಿಯೂ ಇದೆ. ಉತ್ತರ ಹೇಳಲು ಅವಕಾಶ ಸಿಗದ ಹುಡುಗ ಗಲಾಟೆ ಮಾಡಿಯಾದರೂ ತನ್ನ ಹೆಸರು ಕರೆಸಿಕೊಳ್ಳುತ್ತಾನೆ.

ಬುಸ್ಕಾಪೆ ಏಕೆ ಪಾರಾದ? ಹುಟ್ಟಿನಿಂದಲೇ ಅವನು ಒಳ್ಳೆಯವನೆಂದು ಚಿತ್ರ ಹೇಳುವುದಿಲ್ಲ. ಅವನೂ ಕಳ್ಳತನಕ್ಕೆ ಹೊರಡುತ್ತಾನೆ, ಅದು ಕೈಗೂಡುವುದಿಲ್ಲ. ಅವನನ್ನು ಬೇರೆ ದಾರಿಗೆ ಒಯ್ದದ್ದು ಕ್ಯಾಮೆರಾದ ಮೇಲಿನ ಆಸೆ ಮತ್ತು ಅವನು ತೆಗೆದ ಫೋಟೊಗಳನ್ನು ಬಳಸಿಕೊಂಡ ಒಂದು ಪತ್ರಿಕೆ. ಒಂದು ಕೌಶಲ, ಆ ಕೌಶಲಕ್ಕೊಂದು ಜಾಗ. ಉಪದೇಶದ ಪಾಠ ಅವನ ಬದುಕಿನಲ್ಲಿ ಎಲ್ಲೂ ಇಲ್ಲ.

ಈ ಚಿತ್ರದ ಮೇಲೆ ಗಟ್ಟಿಯಾದ ಟೀಕೆಗಳಿವೆ. ಅವನ್ನು ಬದಿಗಿಟ್ಟು ನೋಡಬಾರದು. ಬ್ರೆಜಿಲ್‌ನ ವಿಮರ್ಶಕಿ ಇವಾನಾ ಬೆಂಟೆಸ್ ಇದನ್ನು ‘ಹಸಿವಿನ ಪ್ರಸಾಧನ’ ಎಂಬ ಅರ್ಥದಲ್ಲಿ ಕಟುವಾಗಿ ಟೀಕಿಸಿದರು. ಬಡತನ ಮತ್ತು ಹಿಂಸೆಯನ್ನು ಕಣ್ಣಿಗೆ ರಂಜಕವಾಗಿಸಿದೆ ಎಂಬುದು ಆಕ್ಷೇಪ. ಅದೇ ಬಡಾವಣೆಯ ರ್‍ಯಾಪ್ ಗಾಯಕ ಎಂ.ವಿ. ಬಿಲ್, ಚಿತ್ರದಿಂದ ಅಲ್ಲಿನ ನಿವಾಸಿಗಳಿಗೆ ಕೆಟ್ಟ ಹೆಸರು ಅಂಟಿತೆಂದು ವಿರೋಧಿಸಿದರು. ಬೆಳಿಗ್ಗೆ ಎದ್ದು ದುಡಿಯಲು ಹೋಗುವ ಸಾವಿರಾರು ಮಂದಿ ತೆರೆಯ ಮೇಲೆ ಹೆಚ್ಚು ಕಾಣುವುದಿಲ್ಲ ಎಂಬುದು ನಿಜ.

ನನಗೆ ಈ ಎರಡನೆಯ ಟೀಕೆಯೇ ಹೆಚ್ಚು ಮುಖ್ಯ. ಬೋಧನಾಭ್ಯಾಸಕ್ಕೆ ಹೋದಾಗ ‘ಆ ಏರಿಯಾದ ಮಕ್ಕಳು, ಹುಷಾರು’ ಎಂಬ ಮಾತು ಮೊದಲ ಪಾಠಕ್ಕೂ ಮುನ್ನವೇ ಕಿವಿಗೆ ಬೀಳುತ್ತದೆ. ಅದೇ ಮನಸ್ಸಿನಲ್ಲಿ ಈ ಚಿತ್ರ ನೋಡಿದರೆ ‘ನೋಡಿ, ನಾವು ಹೇಳಲಿಲ್ಲವೇ’ ಎಂದು ಎದ್ದು ಬರುತ್ತೇವೆ. ಆಗ ಚಿತ್ರ ಉಪಕಾರಕ್ಕಿಂತ ಅಪಕಾರವನ್ನೇ ಮಾಡುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮಗುವಿಗೆ ‘ರೌಡಿ’ ಎಂಬ ಹಣೆಪಟ್ಟಿ ಹಚ್ಚುವುದೂ ಕಿರುಕುಳವೇ ಎಂದು ನಾನು ಭಾವಿಸುತ್ತೇನೆ. ಮಕ್ಕಳನ್ನು ಅಕ್ರಮ ಕೆಲಸಕ್ಕೆ ಬಳಸುವ ವಯಸ್ಕರಿಗೆ 2015ರ ಬಾಲನ್ಯಾಯ ಕಾಯ್ದೆ ಏಳು ವರ್ಷದವರೆಗೆ ಕಠಿಣ ಶಿಕ್ಷೆ ವಿಧಿಸುತ್ತದೆ. ಅಂದರೆ ಕಾನೂನು ಕೂಡ ಅಂಥ ಮಗುವನ್ನು ಬಳಕೆಗೆ ಒಳಗಾದವನೆಂದೇ ನೋಡುತ್ತದೆ. ಸ್ಟಾಫ್ ರೂಮ್ ಅದಕ್ಕಿಂತ ಕಠಿಣವಾಗಬೇಕಿಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟು. ‘ಬಾಲ್ಯ ಮತ್ತು ಬೆಳವಣಿಗೆ’ ಪತ್ರಿಕೆಯ ಅಂಗವಾಗಿ, ಇಂಟರ್ನ್‌ಶಿಪ್‌ಗೆ ಮೊದಲು, ಉಪನ್ಯಾಸಕರ ಸಮ್ಮುಖದಲ್ಲಿ ಈ ಚಿತ್ರ ನೋಡಿ ಚರ್ಚಿಸೋಣ. ಪೂರ್ತಿ ನೋಡಲು ಆಗದವರಿಗೆ ಆಯ್ದ ಭಾಗಗಳು ಸಾಕು. ಚರ್ಚೆಗೆ ಮೂರು ಪ್ರಶ್ನೆಗಳಿರಲಿ: ಗ್ಯಾಂಗ್ ಈ ಮಕ್ಕಳಿಗೆ ಕೊಟ್ಟಿದ್ದೇನು? ಅದನ್ನೇ ಶಾಲೆ ಸಭ್ಯ ರೀತಿಯಲ್ಲಿ ಕೊಡಬಹುದಿತ್ತೇ? ಚಿತ್ರ ತೋರಿಸದೆ ಬಿಟ್ಟ ಜನ ಯಾರು?

ಜೊತೆಗೆ ನಮ್ಮ ವೀಕ್ಷಣಾ ಪುಸ್ತಕದಲ್ಲಿ ಒಂದು ಅಂಕಣ ಹೆಚ್ಚಿಸಬಹುದು. ಈಗ ಪೀಠಿಕೆ, ಪ್ರಶ್ನಿಸುವಿಕೆ, ಕಪ್ಪುಹಲಗೆ ಬಳಕೆಯನ್ನು ಬರೆಯುತ್ತೇವೆ. ಈ ಅವಧಿಯಲ್ಲಿ ಹಿಂದಿನ ಬೆಂಚಿನ ಮಕ್ಕಳ ಕೈಗೆ ಯಾವ ಕೆಲಸ ಬಂತು ಎಂದೂ ಬರೆಯೋಣ. ವಿಜ್ಞಾನದ ಪಾಠದಲ್ಲಿ ಲಿಟ್ಮಸ್ ಕಾಗದ ಅದ್ದುವುದು, ಥರ್ಮಾಮೀಟರ್ ಓದಿ ಹೇಳುವುದು, ಅಳತೆ ಬರೆದುಕೊಳ್ಳುವುದು ಇವೆಲ್ಲ ಸಣ್ಣ ಕೆಲಸಗಳೇ. ಗ್ಯಾಂಗ್ ಮಕ್ಕಳನ್ನು ಒಲಿಸಿಕೊಳ್ಳುವುದೂ ಇಂಥ ಸಣ್ಣ ಕೆಲಸದಿಂದಲೇ. ಆ ಮೊದಲ ಕೆಲಸವನ್ನು ಅವರಿಗಿಂತ ಮುಂಚೆ ನಾವು ಕೊಡಬೇಕು.