ಪ್ಯಾನೆಲ್ ಹೆಚ್ಚಿಸೋ ಮೊದಲು ಓರೆ ನೋಡಿ

ಸೋಲಾರ್ ಪಂಪು ಹಾಕಿಸಿದ ಸುಮಾರು ಜನ ಸಂಕ್ರಾಂತಿ ಹೊತ್ತಿಗೆ "ನೀರು ಕಮ್ಮಿ ಬರ್ತಿದೆ, ಇನ್ನೆರಡು ಪ್ಯಾನೆಲ್ ಬೇಕು" ಅಂತಾರೆ. ದುಡ್ಡು ಸುರಿಯೋ ಮುಂಚೆ ಸ್ಟ್ಯಾಂಡಿನ ಓರೆ ನೋಡಿ ಅನ್ನೋದು ನನ್ನ ಅಭಿಪ್ರಾಯ.

ಬಿಸಿಲು ಪ್ಯಾನೆಲ್ ಮೇಲೆ ನೆಟ್ಟಗೆ ಬಿದ್ದಷ್ಟೂ ಕರೆಂಟು ಜಾಸ್ತಿ. ನಮ್ಮ ಹಿರಿಯೂರು ಸೀಮೆ ಇರೋದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಯಲ್ಲಿ ನಡುಮಧ್ಯಾಹ್ನವೂ ಸೂರ್ಯ ನೆತ್ತಿಯಿಂದ ಸುಮಾರು 37 ಡಿಗ್ರಿ ದಕ್ಷಿಣಕ್ಕೆ ವಾಲಿರ್ತಾನೆ. ಆಗ ಮಟ್ಟಸವಾಗಿ ಮಲಗಿಸಿದ ಪ್ಯಾನೆಲ್‌ಗೆ, ಸೂರ್ಯನಿಗೆ ಎದುರಾಗಿ ನಿಲ್ಲಿಸಿದ್ದಕ್ಕಿಂತ ನೇರ ಬಿಸಿಲು ನೂರಕ್ಕೆ 20ರಷ್ಟು ಕಮ್ಮಿ. ಏಪ್ರಿಲ್ ಕೊನೆಗೆ ಸೂರ್ಯ ನೆತ್ತಿ ಮೇಲೆ ಬರ್ತಾನೆ, ಆಮೇಲೆ ಆಗಸ್ಟ್ ನಡುವಿನ ತನಕ ಸ್ವಲ್ಪ ಉತ್ತರಕ್ಕೇ ಇರ್ತಾನೆ. ಆವಾಗ ಚಳಿಗಾಲದ ಓರೆ ಬಿಟ್ಟರೆ ಅದೂ ನಷ್ಟ.

ಅದಕ್ಕೇ ದೀಪಾವಳಿ ಆದ್ಮೇಲೆ ದಕ್ಷಿಣಕ್ಕೆ 30 ಡಿಗ್ರಿ ಓರೆ ಮಾಡಿ. ಯುಗಾದಿ ಹೊತ್ತಿಗೆ 5 ಡಿಗ್ರಿಗೆ ಇಳಿಸಿ, ಪೂರ್ತಿ ಮಲಗಿಸಿದ್ರೆ ಧೂಳು ನಿಲ್ಲುತ್ತೆ. ಸ್ವಿಚ್ ಆಫ್ ಮಾಡಿ, ಗಾಳಿ ಇಲ್ಲದ ಹೊತ್ತಲ್ಲಿ ಇಬ್ಬರು ಸೇರಿ ಮಾಡಿ. ಓರೆ ಬದಲಾಯಿಸೋಕೆ ಬರದ ಸ್ಟ್ಯಾಂಡಾದ್ರೆ 15 ಡಿಗ್ರಿ ಸಾಕು.

ಹೊಸದಾಗಿ ಹಾಕಿಸೋರು ತೂತು ಬದಲಾಯಿಸೋ ಸ್ಟ್ಯಾಂಡನ್ನೇ ಪಟ್ಟು ಹಿಡಿದು ಕೇಳಿ. ಈರುಳ್ಳಿ ಗಡ್ಡೆ ಕಟ್ಟೋ ಹೊತ್ತಲ್ಲಿ ಒಂದು ಗಂಟೆ ನೀರು ಜಾಸ್ತಿ ಸಿಕ್ಕರೂ ಬೆಳೆ ಕೈಗೆ ಹತ್ತುತ್ತೆ.